ಕುಂಬಾದ ದಾರಂದಕ್ಕೆ ಎಪಾಕ್ಸಿ ಪುಟ್ಟಿ: ಒಂದು ಮಳೆಗಾಲದ ಬಳಿಕ

ಸಾಗರ ಪಟ್ಟಣದ ಹತ್ತಿರವಿರುವ ನಮ್ಮ ಮನೆಯ ಬಚ್ಚಲುಬಾಗಿಲಿನ ದಾರಂದ ಹಲಸಿನ ಮರದ್ದು. ಅದರ ಒಂದು ಕಾಲು ಬುಡದಿಂದ ಸುಮಾರು 9 ಇಂಚು ಎತ್ತರದವರೆಗೆ ಕುಂಬಾಗಿ, ಬೆರಳಿನಿಂದ ಒತ್ತಿದರೂ ಪುಡಿ ಉದುರುವ ಸ್ಥಿತಿಗೆ ಬಂದಿತ್ತು. ದಾರಂದವನ್ನೇ ಬದಲಿಸಬೇಕೆಂದರೆ ಅದನ್ನು ಗೋಡೆಗೆ ಹಿಡಿದಿಟ್ಟಿರುವ ಕಬ್ಬಿಣದ ಪಟ್ಟಿಗಳನ್ನು ಬಿಡಿಸಲು ಎರಡೂ ಬದಿಯ ಗಾರೆಯನ್ನು ಒಡೆಯಬೇಕಾಗುತ್ತಿತ್ತು; ಮೇಲಿನ ಮರವೆಲ್ಲ ಗಟ್ಟಿಯಾಗಿರುವಾಗ ಅದಕ್ಕೆ ಮನಸ್ಸು ಒಪ್ಪಲಿಲ್ಲ. ಹೀಗಾಗಿ ಎರಡು ಡಬ್ಬಿಗಳಲ್ಲಿ ಬರುವ, ಎರಡನ್ನೂ ಸೇರಿಸಿ ನಾದಿದರೆ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿಯನ್ನು ಹಾರ್ಡ್‌ವೇರ್ ಅಂಗಡಿಯಿಂದ ತಂದು, ಕಳೆದ ಬೇಸಿಗೆಯಲ್ಲಿ ನಾನೇ ದುರಸ್ತಿ ಮಾಡಿದೆ.

ಈ ಪುಟ್ಟಿ ಎಷ್ಟು ಬಾಳುತ್ತದೆ ಎಂಬುದು ಅದನ್ನು ಹಚ್ಚುವ ಮೊದಲಿನ ಕೆಲಸದ ಮೇಲೆ ನಿಂತಿದೆ. ಹೊರಗೆ ಚೆನ್ನಾಗಿಯೇ ಕಾಣುತ್ತಿದ್ದ ಬಣ್ಣದ ಹಿಂದೆಯೂ ಮೆತ್ತಗಿನ ಮರ ಸಿಕ್ಕಿದ್ದರಿಂದ, ಹಲಸಿನ ಹಳದಿ ತಿರುಳು ಕಾಣಿಸಿ ಉಳಿಗೆ ಬಿಗಿಯಾಗಿ ತಾಗುವವರೆಗೂ ಕೆತ್ತಿದೆ. ಎರಡು ವಾರ ಒಣಗಲು ಬಿಟ್ಟು, ಗೆದ್ದಲಿನ ಔಷಧಿ ಹಚ್ಚಿ, ಅದೂ ಆರಿದ ಮೇಲೆ ಪುಟ್ಟಿಗೆ ಹಿಡಿತ ಸಿಗಲೆಂದು ನಾಲ್ಕಾರು ಸ್ಕ್ರೂಗಳನ್ನು ಅರ್ಧ ಮಾತ್ರ ತಿರುಗಿಸಿದೆ. ಇಡೀ ಪೊಳ್ಳನ್ನು ಪುಟ್ಟಿಯಿಂದಲೇ ತುಂಬುವುದು ದುಬಾರಿ; ಒಣಗಿದ ಮರದ ತುಂಡೊಂದನ್ನು ಒಳಗೆ ಕೂರಿಸಿಕೊಂಡದ್ದರಿಂದ ಅರ್ಧ ಕಿಲೋ ಸಾಕಾಯಿತು.

ಎರಡೂ ಡಬ್ಬಿಗಳಿಂದ ಸಮಪಾಲು ತೆಗೆದು, ಗೆರೆಗಳು ಮಾಯವಾಗಿ ಒಂದೇ ಬಣ್ಣ ಬರುವವರೆಗೆ ನಾದಬೇಕು. ಒಮ್ಮೆಗೆ ನಿಂಬೆಹಣ್ಣಿನಷ್ಟು ಮಾತ್ರ ಕಲಸಿಕೊಳ್ಳುವುದು ಲೇಸು, ಏಕೆಂದರೆ ಉಂಡೆ ದೊಡ್ಡದಾದಷ್ಟೂ ತನ್ನೊಳಗಿನ ಬಿಸಿಗೆ ಬೇಗ ಗಟ್ಟಿಯಾಗುತ್ತದೆ. ಲಂಬವಾದ ಮೇಲ್ಮೈಯಲ್ಲಿಯೂ ಪುಟ್ಟಿ ಜಾರಲಿಲ್ಲ. ಮರುದಿನ 80 ಮತ್ತು 150 ನಂಬರಿನ ಸ್ಯಾಂಡ್‌ಪೇಪರಿನಿಂದ ಉಜ್ಜಿದಾಗ ಅಂಚುಗಳು ಮರದಷ್ಟೇ ಚೊಕ್ಕವಾಗಿ ಮೂಡಿದವು. ಹಿಂದೊಮ್ಮೆ ಇದೇ ಜಾಗಕ್ಕೆ ಹಚ್ಚಿದ್ದ ನೀರಿನಲ್ಲಿ ಕಲಸುವ ಪುಟ್ಟಿ ಒಣಗುತ್ತಾ ಕುಗ್ಗಿ, ಬಿಟ್ಟ ಸಂದಿನಲ್ಲಿ ನೀರು ಇಳಿದಿತ್ತು. ಎಪಾಕ್ಸಿ ಹಾಗೆ ಕುಗ್ಗಲಿಲ್ಲ, ಅದರ ದೊಡ್ಡ ಗುಣ ಅದೇ.

ಕೊರತೆಗಳೂ ಇವೆ. ಇದು ಪಾಲಿಶನ್ನು ಹೀರುವುದಿಲ್ಲವಾದ್ದರಿಂದ ಬಣ್ಣ ಬಳಿಯುವ ದಾರಂದಕ್ಕೆ ಮಾತ್ರ ಸೂಕ್ತ. ಸಾಗುವಾನಿಯ ಪಾಲಿಶ್ ಬಾಗಿಲಿನಲ್ಲಿ ತೇಪೆ ಎದ್ದು ಕಾಣುತ್ತದೆ. ಡಬ್ಬಿಯ ಮೇಲಿನ ಸೂಚನೆಗಳು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿದ್ದು, ಕೈಗವಸಿನ ಮಾತು ಕೊನೆಯ ಸಾಲಿನಲ್ಲಿತ್ತು. ಬರಿಗೈಯಲ್ಲಿ ನಾದಿದರೆ ಚರ್ಮಕ್ಕೆ ಅಲರ್ಜಿಯಾಗಬಹುದಾದ ವಸ್ತುವಿನ ಮೇಲೆ ಅದು ಮೊದಲ ಸಾಲಾಗಿರಬೇಕಿತ್ತು, ಕನ್ನಡದಲ್ಲಿಯೂ ಇರಬೇಕಿತ್ತು. ಬಿಜಾಗರಿಯ ಸ್ಕ್ರೂ ಕೂರುವ ಜಾಗ ಕುಂಬಾಗಿದ್ದರೆ ಪುಟ್ಟಿಯನ್ನು ನಂಬದೆ, ಬಡಗಿಯನ್ನು ಕರೆಸಿ ಹೊಸ ಮರವನ್ನೇ ಬೆಸೆಸುವುದು ಸರಿ, ಏಕೆಂದರೆ ಬಾಗಿಲಿನ ಇಡೀ ಭಾರ ಅಲ್ಲಿಯೇ ಬೀಳುತ್ತದೆ.

ನೆಲಕ್ಕೆ ತಾಗಿದ ಮರದ ತುದಿ ದೀಪದ ಬತ್ತಿಯಂತೆ ನೀರನ್ನು ಮೇಲಕ್ಕೆಳೆಯುತ್ತದೆ. ಅದಕ್ಕಾಗಿ ಬುಡವನ್ನು ಕಾಲು ಇಂಚು ಎತ್ತರಕ್ಕೆ ಕೊಯ್ದು, ಆ ತುದಿಗೂ ಎಪಾಕ್ಸಿ ಬಳಿದಿದ್ದೆ. ಮಳೆಗಾಲ ಮುಗಿದ ಮೇಲೆ ನೋಡಿದರೆ ಬುಡ ಗಟ್ಟಿಯಾಗಿಯೇ ಇದೆ. ಗೋಡೆಯ ಕಡೆಗೆ, ಉಳಿ ಸರಿಯಾಗಿ ಎಟುಕದೆ ಸ್ವಲ್ಪ ಮೆತ್ತಗಿನ ಮರ ಉಳಿದಿದ್ದಲ್ಲಿ ಮಾತ್ರ, ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ; ಬರುವ ಬೇಸಿಗೆಯಲ್ಲಿ ಅಷ್ಟನ್ನು ಕೆತ್ತಿ ಮತ್ತೆ ತುಂಬುತ್ತೇನೆ.