ತೋಟದ ಮನೆಯ ಸೋಲಾರ್ ಜೋಡಣೆ: ಮಾಡಿನ ಮೇಲೆ ಅಚ್ಚುಕಟ್ಟು, ಬ್ಯಾಟರಿಯ ಬಳಿ ಉದಾಸೀನ

ಸಾಗರ ತಾಲ್ಲೂಕಿನ ನಮ್ಮ ಅಡಿಕೆ ತೋಟದ ಮನೆಗೆ ಕರೆಂಟಿನ ಲೈನ್ ಇನ್ನೂ ಬಂದಿಲ್ಲವಾದ್ದರಿಂದ, ಸೋಲಾರ್ ಅಂಗಡಿಯೊಂದಕ್ಕೆ ಪೂರ್ತಿ ಜೋಡಣೆಯನ್ನು ವಹಿಸಿದ್ದೆವು. ಪ್ಯಾರಲಲ್ ಆಗಿ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿ) 330 ವ್ಯಾಟಿನ ಎರಡು ಪ್ಯಾನೆಲ್, ಸೀರೀಸ್‌ನಲ್ಲಿ (ಒಂದರ ಪ್ಲಸ್ ಇನ್ನೊಂದರ ಮೈನಸ್ಸಿಗೆ) 150 ಎಎಚ್ (ಆಂಪಿಯರ್-ಅವರ್) ಸಾಮರ್ಥ್ಯದ ಎರಡು ಟ್ಯೂಬುಲರ್ ಬ್ಯಾಟರಿ, ಬ್ಯಾಟರಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ 24 ವೋಲ್ಟಿನ ಚಾರ್ಜ್ ಕಂಟ್ರೋಲರ್ ಮತ್ತು ಒಂದು ಕಿಲೋವ್ಯಾಟಿನ ಇನ್ವರ್ಟರ್, ಇಷ್ಟೇ ಸಾಮಾನು.

ಮಾಡಿನ ಮೇಲಿನ ಕೆಲಸಕ್ಕೆ ಪೂರ್ಣ ಅಂಕ ಕೊಡಬಹುದು. ಪ್ಯಾನೆಲಿನಿಂದ ಕಂಟ್ರೋಲರಿಗೆ ಹದಿನೈದು ಮೀಟರ್ ದೂರವಿರುವುದನ್ನು ನೋಡಿ ಅವರಾಗಿಯೇ 4ರ ಬದಲು 6 ಚದರ ಮಿ.ಮೀ. ಸೋಲಾರ್ ಕೇಬಲ್ ಎಳೆದರು. 4ರ ಕೇಬಲ್ ಆಗಿದ್ದರೆ 16 ಆಂಪಿಯರ್ ಹರಿಯುವಾಗ ಎರಡು ವೋಲ್ಟಿನಷ್ಟು ದಾರಿಯಲ್ಲೇ ಸೋರಿಹೋಗುತ್ತಿತ್ತು. ಗೋಡೆಯ ತೂತಿಗೆ ಸೇರುವ ಮುನ್ನ ಕೇಬಲನ್ನು ಕೆಳಕ್ಕೆ ಬಾಗಿಸಿ ಮೇಲೆತ್ತಿರುವುದರಿಂದ ಮಳೆನೀರು ಒಳಕ್ಕೆ ಹರಿಯದೆ ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ತಕರಾರು ಇರುವುದು ಒಳಗಿನ ಕೆಲಸದ ಬಗ್ಗೆ. ಪ್ಯಾನೆಲಿನ ತಂತಿಗಳು ಒಂದಕ್ಕೊಂದು ತಾಗಿದರೂ ನಮ್ಮ ಎರಡು ಪ್ಯಾನೆಲ್ ಸೇರಿ ಕೊಡುವುದು 18 ಆಂಪಿಯರಿನ ಆಸುಪಾಸು ಮಾತ್ರ. ಬ್ಯಾಟರಿಯಾದರೋ ಶಾರ್ಟ್ ಆದ ಕ್ಷಣದಲ್ಲಿ ಸಾವಿರ ಆಂಪಿಯರಿಗೂ ಮೀರಿ ಸುರಿಯಬಲ್ಲದು. ಹೀಗಿದ್ದೂ ಅಂಗಡಿಯವರು ಪ್ರತಿ ಪ್ಯಾನೆಲಿಗೂ ಒಂದೊಂದು ಫ್ಯೂಸ್ ಹಾಕಿ ಬಿಲ್ಲಿಗೆ ಸೇರಿಸಿದ್ದರು, ಬ್ಯಾಟರಿಗೆ ಒಂದನ್ನೂ ಹಾಕಿರಲಿಲ್ಲ. ಎರಡೇ ಪ್ಯಾನೆಲ್ ಪ್ಯಾರಲಲ್ ಇರುವಾಗ ಅಂಥ ಫ್ಯೂಸ್ ಬೇಕಾಗುವುದಿಲ್ಲ, ಮೂರು ಅಥವಾ ಹೆಚ್ಚು ಇದ್ದರೆ ಮಾತ್ರ ಬೇಕು. ಕೇಳಿದ್ದಕ್ಕೆ, ಇನ್ವರ್ಟರಿನ ಒಳಗೇ ಫ್ಯೂಸ್ ಇದೆಯಲ್ಲ ಸರ್ ಎಂಬ ಉತ್ತರ ಬಂತು. ಬ್ಯಾಟರಿಗೂ ಇನ್ವರ್ಟರಿಗೂ ನಡುವಿನ ತಂತಿಯನ್ನು ಇಲಿ ಕಡಿದರೆ ಆ ಫ್ಯೂಸಿಗೆ ಸುದ್ದಿಯೇ ಮುಟ್ಟುವುದಿಲ್ಲ. ಅಡಿಕೆ ಮೂಟೆಗಳಿರುವ ಮನೆಯಲ್ಲಿ ಇಲಿಗೇನು ಬರ!

ಎರಡನೆಯ ಲೋಪ ಇನ್ನೂ ಸೂಕ್ಷ್ಮವಾದದ್ದು. ಡಿಸಿ (ಪ್ಯಾನೆಲ್, ಬ್ಯಾಟರಿಗಳಿಂದ ಒಂದೇ ದಿಕ್ಕಿಗೆ ಹರಿಯುವ ಕರೆಂಟು) ತಂತಿಗಳ ಸ್ವಿಚ್ಚಿರುವ ಡಿಸಿ ಬಾಕ್ಸಿನ ಮುಚ್ಚಳ ತೆಗೆದು ನೋಡಿದರೆ ಒಳಗಿದ್ದದ್ದು ಮನೆಯ ವೈರಿಂಗಿಗೆ ಬಳಸುವ ಎಸಿ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್. ದಿಕ್ಕು ಬದಲಿಸುತ್ತಲೇ ಇರುವ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುವುದರಿಂದ ಸ್ವಿಚ್ ಬಿಡಿಸಿಕೊಳ್ಳುವಾಗ ಹುಟ್ಟುವ ಕಿಡಿ ತಾನಾಗಿ ಆರುತ್ತದೆ. ಡಿಸಿಯಲ್ಲಿ ಆ ಬಿಡುವಿಲ್ಲದ ಕಾರಣ ಕಿಡಿ ನಿಂತು ಉರಿದು ಎಂಸಿಬಿಯನ್ನೇ ಕರಗಿಸಬಹುದು. ಸಿಡಿಲಿನ ರಕ್ಷಣೆಗೆಂದು ಕೂರಿಸಿದ್ದ ಸರ್ಜ್ ಪ್ರೊಟೆಕ್ಟರಿನ ಹಸಿರು ತಂತಿಯೂ ಅರ್ಥಿಂಗಿಗೆ ಸೇರದೆ ಬಾಕ್ಸಿನೊಳಗೇ ಸುರುಳಿಯಾಗಿ ಕುಳಿತಿತ್ತು.

ಆಕ್ಷೇಪಿಸಿದ ಮೇಲೆ ಅವರು ವಾದಿಸದೆ ಬಂದು ಸರಿಪಡಿಸಿದ್ದನ್ನೂ ಹೇಳಬೇಕು. ಬ್ಯಾಟರಿಯ ಪ್ಲಸ್ ಟರ್ಮಿನಲಿನಿಂದ ಒಂದು ಗೇಣಿನೊಳಗೆ, ಡಿಸಿ ವೋಲ್ಟೇಜು ನಮೂದಾಗಿರುವ 63 ಆಂಪಿಯರಿನ ಎಚ್‌ಆರ್‌ಸಿ ಫ್ಯೂಸ್ (ಭಾರೀ ಶಾರ್ಟ್ ಕರೆಂಟನ್ನೂ ಸುರಕ್ಷಿತವಾಗಿ ಕಡಿಯುವಂಥದ್ದು) ಕೂತಿತು; ಬ್ಯಾಟರಿಯ 16 ಚದರ ಮಿ.ಮೀ. ತಂತಿಗೂ ನಮ್ಮ ಇನ್ವರ್ಟರಿಗೂ ಅದು ಹೊಂದುತ್ತದೆ. ಡಿಸಿ ಎಂಸಿಬಿಯನ್ನು ಪ್ಲಸ್-ಮೈನಸ್ ಗುರುತು ನೋಡಿ ಜೋಡಿಸಿದರು, ಅಂಗಳದಲ್ಲಿ ಅರ್ಥಿಂಗ್ ಗುಂಡಿ ತೋಡಿದರು. ಇದಕ್ಕೆ ಬೇರೆ ಹಣ ಕೇಳಿದ್ದು ಮಾತ್ರ ಸರಿಯೆನಿಸಲಿಲ್ಲ. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಇಂಥ ಜೋಡಣೆ ಮಾಡಿಸುವವರು ಕೊನೆಯ ಕಂತು ಕೊಡುವ ಮೊದಲು ಡಿಸಿ ಬಾಕ್ಸನ್ನು ತಮ್ಮೆದುರೇ ತೆರೆಸಿ ನೋಡುವುದು ಒಳ್ಳೆಯದು.