ಕಾದದ್ದು ಎಂಜಿನ್, ಕಾಯಿಲೆಯಿದ್ದದ್ದು ಟ್ಯಾಂಕಿನ ಮುಚ್ಚಳದಲ್ಲಿ: ಮೈಸೂರಿನ ಒಂದು ಹಳೆಯ ವರ್ಕ್‌ಶಾಪ್

ಮೈಸೂರಿನ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿ ತಯಾರಾದ ಗಾಡಿಗಳನ್ನು ಇಂದಿಗೂ ದಿನನಿತ್ಯ ಓಡಿಸುವವರಿದ್ದಾರೆ, ನಾನೂ ಅವರಲ್ಲೊಬ್ಬ. ತಂದೆಯವರಿಂದ ನನಗೆ ಬಂದ ಯೆಜ್ಡಿ ರೋಡ್‌ಕಿಂಗ್ ಕಳೆದ ಬೇಸಿಗೆಯಲ್ಲಿ ವಿಪರೀತ ಕಾಯತೊಡಗಿದಾಗ ಅದನ್ನು ಮಂಡಿ ಮೊಹಲ್ಲಾದ ಅಡ್ಡರಸ್ತೆಯೊಂದರಲ್ಲಿರುವ, ಹೆಸರಿನ ಫಲಕವೂ ಇಲ್ಲದ ಒಂದು ವರ್ಕ್‌ಶಾಪಿಗೆ ಒಪ್ಪಿಸಿದೆ. ಅಲ್ಲಿ ನಡೆದ ಕೆಲಸದ ವಿಮರ್ಶೆ ಇದು. ಅಂಗಡಿಯನ್ನು ಮೆಚ್ಚಿಯೇ ಬರೆಯುತ್ತಿದ್ದೇನೆ, ಆದರೂ ಕೆಲವು ವಿಷಯಗಳಲ್ಲಿ ನನ್ನ ಅಸಮಾಧಾನ ಉಳಿದಿದೆ.

ಮೊದಲು ತೊಂದರೆಯ ಸ್ವರೂಪವನ್ನು ಹೇಳಬೇಕು. ನಂಜನಗೂಡಿನ ಕಡೆಗೆ ಹೊರಟರೆ ಕಡಕೊಳ ದಾಟುವಷ್ಟರಲ್ಲಿ ಎಂಜಿನ್ನಿನ ದನಿ ಬದಲಾಗುತ್ತಿತ್ತು, ಆಕ್ಸಿಲರೇಟರ್ ತಿರುಗಿಸಿದರೂ ಗಾಡಿ ಎಳೆಯುತ್ತಿರಲಿಲ್ಲ, ಕಾಲಿಗೆ ಬೆಂಕಿ ತಾಗಿದಂತಹ ಬಿಸಿ ಬಡಿದು ಕೊನೆಗೆ ನಿಂತೇ ಹೋಗುತ್ತಿತ್ತು. ಹತ್ತು ನಿಮಿಷ ಮರದ ನೆರಳಿನಲ್ಲಿ ನಿಲ್ಲಿಸಿದರೆ ಏನೂ ಆಗದಂತೆ ಮತ್ತೆ ಸ್ಟಾರ್ಟ್ ಆಗುತ್ತಿತ್ತು. ಇನ್ನೊಂದು ದೂರು ಇದಕ್ಕೆ ಸಂಬಂಧವೇ ಇಲ್ಲದ್ದೆಂದು ನಾನು ಭಾವಿಸಿದ್ದೆ: ಬಿಸಿಲಿನಲ್ಲಿ ನಿಲ್ಲಿಸಿ ಹೋದಾಗ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕಳಿಸುವ ಕಾರ್ಬೊರೇಟರಿನಿಂದ ಪೆಟ್ರೋಲ್ ತೊಟ್ಟಿಕ್ಕಿ ನೆಲದ ಮೇಲೆ ಕಲೆಯಾಗಿರುತ್ತಿತ್ತು. ಇದಕ್ಕೂ ಮೊದಲು ಬೇರೊಂದು ಕಡೆ ತೋರಿಸಿದಾಗ ಅವರು ಗಾಡಿ ಓಡಿಸಿಯೂ ನೋಡದೆ ಬೋರ್ ಮಾಡಿಸಬೇಕೆಂದರು, ಅಂದರೆ ಎಂಜಿನ್ನಿನ ಸಿಲಿಂಡರನ್ನು ಒಳಗಿನಿಂದ ಕೊರೆಸಬೇಕು. ಹೊಸ ಪಿಸ್ಟನ್, ರಿಂಗ್, ಕೂಲಿ ಸೇರಿ 6,800 ರೂಪಾಯಿ ಕೊಟ್ಟ ಮೇಲೂ ಗಾಡಿ ಅದೇ ಕಡಕೊಳದಲ್ಲಿ ನಿಂತಿತು.

ಈ ವರ್ಕ್‌ಶಾಪಿನ ಮೇಸ್ತ್ರಿ ಅರವತ್ತು ದಾಟಿದವರು. ನಾನು ಎಂಜಿನ್ನಿನ ಕಥೆ ಹೇಳುತ್ತಿದ್ದರೆ ಅವರ ಕಣ್ಣು ಟ್ಯಾಂಕಿನ ಮೇಲಿನ ಹೊಳೆಯುವ ಮುಚ್ಚಳದ ಮೇಲಿತ್ತು. "ಈ ಲಾಕ್ ಕ್ಯಾಪ್ ಯಾವಾಗ ಹಾಕಿಸಿದ್ರಿ ಸಾರ್?" ಎಂಬುದು ಅವರ ಮೊದಲ ಪ್ರಶ್ನೆ. ಪೆಟ್ರೋಲ್ ಕಳವಾಗದಿರಲೆಂದು ಫೆಬ್ರವರಿಯಲ್ಲಿ ಹಾಕಿಸಿದ್ದೆ. ತೊಂದರೆ ಶುರುವಾದದ್ದು ಮಾರ್ಚಿನಲ್ಲಿ. ಅವರು ಕಾರ್ಬೊರೇಟರಿನ ಪೈಪನ್ನು ಬಿಡಿಸಿ, ಅದರ ತುದಿಯನ್ನು ಖಾಲಿ ಬಾಟಲಿಯೊಳಗೆ ಇಳಿಸಿ ಟ್ಯಾಂಕಿನಡಿಯ ಕಾಕ್ (ಪೆಟ್ರೋಲ್ ನಲ್ಲಿ) ತಿರುಗಿಸಿದರು. ಪೆಟ್ರೋಲ್ ಮೊದಲು ಧಾರೆಯಾಗಿ ಬಂತು, ಕಾಲು ಬಾಟಲಿ ತುಂಬುವ ಮೊದಲೇ ಎಳೆಯಾಯಿತು, ಆಮೇಲೆ ಬರೀ ಹನಿ. ಮುಚ್ಚಳ ತಿರುಗಿಸಿದೊಡನೆ ಟ್ಯಾಂಕು ಉಸಿರೆಳೆದ ಸದ್ದು ಕೇಳಿಸಿ ಧಾರೆ ಮತ್ತೆ ಜೋರಾಯಿತು. ಇಡೀ ಪರೀಕ್ಷೆಗೆ ಐದು ನಿಮಿಷವೂ ಹಿಡಿಯಲಿಲ್ಲ.

ಈ ಗಾಡಿಯಲ್ಲಿ ಪಂಪ್ ಇಲ್ಲ, ಪೆಟ್ರೋಲ್ ತನ್ನ ಭಾರದಿಂದಲೇ ಕೆಳಗಿಳಿಯಬೇಕು. ಇಳಿದಷ್ಟು ಜಾಗಕ್ಕೆ ಮುಚ್ಚಳದ ಸಣ್ಣ ರಂಧ್ರದಿಂದ ಗಾಳಿ ಒಳಗೆ ಬರಬೇಕು. ನನ್ನ ಹೊಸ ಮುಚ್ಚಳದಲ್ಲಿ ರಂಧ್ರವೇನೋ ಇತ್ತು, ಅದರ ಕೆಳಗೆ ಕೂರಿಸಿದ್ದ ದಪ್ಪ ರಬ್ಬರ್ ವಾಷರ್ ಅದನ್ನು ಪೂರ್ತಿಯಾಗಿ ಮುಚ್ಚಿಬಿಟ್ಟಿತ್ತು. ಗಾಳಿ ಬಾರದೆ ಒಳಗೆ ಒತ್ತಡ ತಗ್ಗಿದಾಗ ಪೆಟ್ರೋಲ್ ಇಳಿಯುವುದು ನಿಧಾನವಾಗುತ್ತದೆ, ಕಾರ್ಬೊರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರಿನ ಮಟ್ಟ ಕುಸಿಯುತ್ತದೆ, ಎಂಜಿನ್ನಿಗೆ ಗಾಳಿ ಹೆಚ್ಚು ಪೆಟ್ರೋಲ್ ಕಡಿಮೆ ಸೇರಿದ ಮಿಶ್ರಣ ಹೋಗಿ ಅದು ಹೆಚ್ಚು ಬಿಸಿಯಾಗಿ ಉರಿಯುತ್ತದೆ. ಟೂ ಸ್ಟ್ರೋಕ್ ಗಾಡಿಯಲ್ಲಿ ಇದು ಇನ್ನೂ ಅಪಾಯಕರ. ಆಯಿಲ್ ಪೆಟ್ರೋಲಿನೊಂದಿಗೇ ಬೆರೆತು ಬರುವುದರಿಂದ, ಪೆಟ್ರೋಲ್ ಕಡಿಮೆಯಾದರೆ ಪಿಸ್ಟನ್ನಿಗೆ ಸಿಗಬೇಕಾದ ಆಯಿಲೂ ಕಡಿಮೆಯಾಗುತ್ತದೆ. ಪಿಸ್ಟನ್ ಜಾಮ್ ಆಗದೆ ಉಳಿದದ್ದು ನನ್ನ ಪುಣ್ಯವೆಂದೇ ಹೇಳಬೇಕು. ಬಿಚ್ಚಿದ ಸ್ಪಾರ್ಕ್ ಪ್ಲಗ್ಗಿನ ತುದಿ ಕಂದು ಬಣ್ಣದಲ್ಲಿರುವ ಬದಲು ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಟ್ಯಾಂಕ್ ತುಂಬಿಸಿದ ದಿನವೇ ಗಾಡಿ ಬೇಗ ನಿಲ್ಲುತ್ತಿದ್ದದ್ದೇಕೆ ಎಂಬುದೂ ಆಗ ತಿಳಿಯಿತು: ಒಳಗೆ ಗಾಳಿಯ ಜಾಗ ಕಿರಿದಾದಷ್ಟೂ ಒತ್ತಡ ಬೇಗ ಕುಸಿಯುತ್ತದೆ.

ನೆಲದ ಮೇಲಿನ ಕಲೆಗೂ ಕಾರಣ ಅದೇ ವಾಷರ್. ಬಿಸಿಲಿಗೆ ಪೆಟ್ರೋಲ್ ಹಿಗ್ಗುತ್ತದೆ. 10 ಲೀಟರ್ ಪೆಟ್ರೋಲ್ 20 ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು 200 ಮಿಲಿಲೀಟರಿನಷ್ಟು ಹೆಚ್ಚುತ್ತದೆ, ಆವಿಯ ಒತ್ತಡ ಬೇರೆ. ಮೇಲಿನಿಂದ ಹೊರಹೋಗಲು ದಾರಿಯಿಲ್ಲದ ಒತ್ತಡವು ಕೆಳಗೆ, ನಾನು ಮುಚ್ಚಲು ಮರೆಯುತ್ತಿದ್ದ ಕಾಕ್‌ನ ಮೂಲಕ, ಚೇಂಬರಿಗೆ ಬರುವ ಪೆಟ್ರೋಲನ್ನು ತಡೆಯುವ ಫ್ಲೋಟಿನ ಸೂಜಿಯನ್ನೂ ತಳ್ಳಿಕೊಂಡು ಪೆಟ್ರೋಲನ್ನು ಹೊರಹಾಕುತ್ತಿತ್ತು.

ಮೇಸ್ತ್ರಿಯವರು ತಮ್ಮ ಹಳೆಯ ಡಬ್ಬಗಳಲ್ಲಿ ಹುಡುಕಿ ಬೀಗವಿಲ್ಲದ ಒಂದು ಮುಚ್ಚಳವನ್ನು ತೆಗೆದು, ಅದರ ರಂಧ್ರವನ್ನು ತಂತಿಯಿಂದ ಸ್ವಚ್ಛಗೊಳಿಸಿ, ಪೆಟ್ರೋಲಿಗೆ ಕೆಡದ ಹೊಸ ವಾಷರನ್ನು ರಂಧ್ರಕ್ಕೆ ಅಡ್ಡಬಾರದಂತೆ ಕತ್ತರಿಸಿ ಕೂರಿಸಿದರು. ಸೂಜಿಯನ್ನೂ ಗಟ್ಟಿಯಾಗಿದ್ದ ಪೈಪನ್ನೂ ಬದಲಿಸಿದರು, ಪ್ಲಗ್ಗಿನ ಕಿಡಿಯ ಸಮಯ ಹೊಂದಿಸುವ ಪಾಯಿಂಟ್ ಸರಿಮಾಡಿದರು. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಮುಖ್ಯ ಜೆಟ್ಟನ್ನು ಒಂದು ಸೈಜ್ ದೊಡ್ಡದು ಮಾಡಿದ್ದು ನನಗೆ ಹೊಸ ವಿಚಾರ. ಈಗ ಬಂಕುಗಳಲ್ಲಿ ಸಿಗುವ ಇ20 (ಶೇ. 20ರಷ್ಟು ಎಥನಾಲ್ ಬೆರೆಸಿದ) ಪೆಟ್ರೋಲಿನ ಎಥನಾಲ್‌ನಲ್ಲಿ ಆಮ್ಲಜನಕವಿರುವುದರಿಂದ, ಹಳೆಯ ಪೆಟ್ರೋಲಿಗೆ ಹೊಂದಿಸಿದ ಜೆಟ್ಟಿನಲ್ಲಿ ಮಿಶ್ರಣ ತುಸು ತೆಳುವಾಗುತ್ತದೆ, ಮತ್ತು ಎಥನಾಲ್ ಹಳೆಯ ಕಾಲದ ರಬ್ಬರನ್ನೂ ಕೆಡಿಸುತ್ತದೆ. ಒಟ್ಟು ಖರ್ಚು 1,150 ರೂಪಾಯಿ.

ಗಾಡಿ ಕೈಗೆ ಬಂದ ಮರುದಿನ, ಬೆಳಿಗ್ಗೆ ತಂಪಿನಲ್ಲಲ್ಲ, ಹನ್ನೊಂದರ ಬಿಸಿಲಿನಲ್ಲಿ ಬೇಕೆಂದೇ ಗುಂಡ್ಲುಪೇಟೆಗೆ ಹೊರಟೆ. ಸುಮಾರು 60 ಕಿಲೋಮೀಟರ್ ದಾರಿಯಲ್ಲಿ ಗಾಡಿ ಒಮ್ಮೆಯೂ ಮುಗ್ಗರಿಸಲಿಲ್ಲ. ಗಾಳಿಯಿಂದ ತಣಿಯುವ ಎಂಜಿನ್ ಎಂದ ಮೇಲೆ ಬಿಸಿ ಇದ್ದೇ ಇರುತ್ತದೆ, ಆದರೆ ಅದು ಕಾಲು ಎಳೆದುಕೊಳ್ಳುವಂತಹ ಬಿಸಿಯಲ್ಲ. ವಾರದ ಬಳಿಕ ಪ್ಲಗ್ ಬಿಚ್ಚಿದರೆ ಕಾಫಿ ಪುಡಿಯ ಬಣ್ಣಕ್ಕೆ ತಿರುಗಿತ್ತು.

ಇನ್ನು ಅಸಮಾಧಾನ. ಎರಡು ದಿನವೆಂದು ಹೇಳಿದ ಕೆಲಸಕ್ಕೆ ಒಂಬತ್ತು ದಿನ ಹಿಡಿಯಿತು, ಫೋನ್ ಮಾಡಿದಾಗಲೆಲ್ಲ "ನಾಳೆ ಸಂಜೆ ಬನ್ನಿ" ಎಂಬ ಉತ್ತರ. ಬಿಲ್ ಕೇಳಿದರೆ ಸಿಗರೇಟ್ ಪ್ಯಾಕಿನ ಹಿಂಭಾಗದಲ್ಲಿ ಲೆಕ್ಕ ಬರೆದುಕೊಟ್ಟರು. ಇವನ್ನು ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಇನ್ನೊಂದು: ಟ್ಯಾಂಕಿನಿಂದ ತೆಗೆದ ಪೆಟ್ರೋಲನ್ನು ತೆರೆದ ಬೇಸಿನ್ನಿನಲ್ಲಿ ಇಟ್ಟಿದ್ದರು, ಹತ್ತು ಅಡಿ ಆಚೆ ಟೀ ಅಂಗಡಿಯ ಒಲೆ ಉರಿಯುತ್ತಿತ್ತು. ಟ್ಯಾಂಕಿನ ಆವಿಯ ಬಗ್ಗೆ ಇಷ್ಟು ಬಲ್ಲವರು ಬೇಸಿನ್ನಿನ ಆವಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದದ್ದು ನನಗೆ ಅರ್ಥವಾಗಲಿಲ್ಲ. ಹೇಳಿದಾಗ ನಕ್ಕು ಬೇಸಿನ್ನಿನ ಮೇಲೆ ರಟ್ಟು ಮುಚ್ಚಿದರು.

ಬೀಗದ ಮುಚ್ಚಳವನ್ನು ಅವರು ಕಾಗದದಲ್ಲಿ ಸುತ್ತಿ ಹಿಂದಿರುಗಿಸಿದ್ದಾರೆ. ವಾಷರ್ ಬದಲಿಸಿದರೆ ಅದನ್ನೂ ಬಳಸಬಹುದಂತೆ. ಸದ್ಯಕ್ಕೆ ಟ್ಯಾಂಕನ್ನು ಅಂಚಿನವರೆಗೆ ತುಂಬಿಸದೆ ಎರಡು ಬೆರಳು ಜಾಗ ಬಿಡುತ್ತಿದ್ದೇನೆ, ಗಾಡಿ ನಿಲ್ಲಿಸಿದೊಡನೆ ಕಾಕ್ ಮುಚ್ಚುತ್ತಿದ್ದೇನೆ. ಮಳೆಗಾಲದಲ್ಲಿ ರಂಧ್ರದ ಮೂಲಕ ನೀರು ಇಳಿಯುತ್ತದೆಯೇ ಎಂದು ನೋಡಲು ಜುಲೈಯಲ್ಲಿ ಒಮ್ಮೆ ಬರಹೇಳಿದ್ದಾರೆ. ಹೋಗುತ್ತೇನೆ, ಆದರೆ ಹತ್ತು ದಿನ ಗಾಡಿ ಬೇಕಾಗದ ಸಮಯ ನೋಡಿಕೊಂಡು.