ಟ್ಯೂಟರಿಂಗ್ ಸೆಂಟರ್ ಕೆಲಸ: ಇಪ್ಪತ್ತಾರೂವರೆ ಗಂಟೆಯ ಒಂದು ವಾರ

ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದ, ನಮ್ಮ ಕಡೆಯಿಂದ ಎಫ್-1 (ವಿದ್ಯಾರ್ಥಿ) ವೀಸಾ ಮೇಲೆ ಹೋದ ಹುಡುಗನೊಬ್ಬನ ಡಿಸೆಂಬರ್ ತಿಂಗಳ ಒಂದು ವಾರದ ಟೈಮ್‌ಶೀಟ್ ಇದು. ಡಿಪಾರ್ಟ್‌ಮೆಂಟಿನಲ್ಲಿ ಉತ್ತರಪತ್ರಿಕೆ ತಿದ್ದುವ ಗ್ರೇಡರ್ ಕೆಲಸ 10 ಗಂಟೆ. ಯೂನಿವರ್ಸಿಟಿಯ ಟ್ಯೂಟರಿಂಗ್ ಸೆಂಟರಿನಲ್ಲಿ ಕ್ಯಾಲ್ಕುಲಸ್, ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುವ ಮಾಮೂಲಿ ಶಿಫ್ಟ್ 10 ಗಂಟೆ. ಅದರ ಮೇಲೆ ಸೋಮವಾರ 2, ಬುಧವಾರ ಎರಡೂವರೆ, ಗುರುವಾರ 2 ಗಂಟೆ ಹೆಚ್ಚುವರಿ. ಪರೀಕ್ಷೆಯ ವಾರ, ಸೆಂಟರ್ ತಡರಾತ್ರಿವರೆಗೆ ತೆರೆದಿತ್ತು. ಯಾರಾದರೂ ಶಿಫ್ಟ್ ತೆಗೆದುಕೊಳ್ಳುತ್ತೀರಾ ಎಂದು ಕೋಆರ್ಡಿನೇಟರ್ ಎಲ್ಲ ಟ್ಯೂಟರ್‌ಗಳಿಗೂ ಮೆಸೇಜ್ ಹಾಕಿದ್ದರು, ಇವನು ಹೂಂ ಅಂದ. ಒಟ್ಟು 26.5 ಗಂಟೆ. ಸೆಮಿಸ್ಟರ್ ನಡೆಯುವಾಗ ಎಫ್-1 ವಿದ್ಯಾರ್ಥಿಗೆ ಇರುವ ಮಿತಿ ವಾರಕ್ಕೆ 20.

ಹಿಂದಿನ ವಾರ ಅವನು ಮಾಡಿದ್ದು ಬರೀ 12 ಗಂಟೆ. "ಮಗಾ, ಸಂಬಳ ಎರಡು ವಾರಕ್ಕೊಂದ್ಸಲ ತಾನೇ? ಎರಡೂ ಸೇರಿ ನಲವತ್ತು ದಾಟದಿದ್ರೆ ಏನೂ ಆಗಲ್ಲ" ಎಂದು ರೂಮ್‌ಮೇಟ್ ಧೈರ್ಯ ಹೇಳಿದ್ದ. ಎರಡು ವಾರದ ಮೊತ್ತ 38.5, ದಾಟಿರಲಿಲ್ಲ. ಫೆಬ್ರವರಿಯಲ್ಲಿ ಎಚ್‌ಆರ್‌ನವರು ವಿದ್ಯಾರ್ಥಿಗಳ ಗಂಟೆಗಳ ಪಟ್ಟಿಯನ್ನು ಇಂಟರ್‌ನ್ಯಾಷನಲ್ ಆಫೀಸಿಗೆ ಕಳಿಸಿದರು. ಅಲ್ಲಿಂದ ಅವನ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಅಮೆರಿಕ ಸರ್ಕಾರ ಇಡುವ ಕಂಪ್ಯೂಟರ್ ವ್ಯವಸ್ಥೆ) ದಾಖಲೆ ಅನಧಿಕೃತ ಉದ್ಯೋಗದ ಕಾರಣಕ್ಕೆ ಟರ್ಮಿನೇಟ್ ಆಯಿತು. ಆರೂವರೆ ಗಂಟೆಗೆ, ಕೈಗೆ ಬಂದ ನೂರು ಡಾಲರ್‌ಗೂ ಕಮ್ಮಿ ದುಡ್ಡಿಗೆ.

ಸರಾಸರಿ ಅನ್ನುವ ಮಾತೇ ಆ ನಿಯಮದಲ್ಲಿಲ್ಲ. ಅಮೆರಿಕದ ಕೇಂದ್ರ ಸರ್ಕಾರದ ನಿಯಮ 8 ಸಿಎಫ್‌ಆರ್ 214.2(ಎಫ್)(9) ಹೇಳುವುದು ಇಷ್ಟು: ತರಗತಿಗಳು ನಡೆಯುವ ಅವಧಿಯಲ್ಲಿ ಕ್ಯಾಂಪಸ್ ಕೆಲಸ ವಾರಕ್ಕೆ 20 ಗಂಟೆ ಮೀರಬಾರದು. ರಜೆಯಲ್ಲಿ, ಮುಂದಿನ ಸೆಮಿಸ್ಟರಿಗೆ ಓದು ಮುಂದುವರಿಸುವವರು ಪೂರ್ಣಾವಧಿ ದುಡಿಯಬಹುದು. ಪ್ರತಿ ವಾರವನ್ನೂ ಬೇರೆಬೇರೆಯಾಗಿ ನೋಡುತ್ತಾರೆ, ಎಲ್ಲ ಕೆಲಸಗಳ ಗಂಟೆಯನ್ನೂ ಕೂಡಿಸುತ್ತಾರೆ. ಪರೀಕ್ಷೆಯ ವಾರ ರಜೆಯಲ್ಲ. ಪಾಠ ಮುಗಿದಿರಬಹುದು, ಆದರೆ ಅಕಾಡೆಮಿಕ್ ಕ್ಯಾಲೆಂಡರಿನಲ್ಲಿ ಪರೀಕ್ಷೆಯ ಕೊನೆಯ ದಿನ ದಾಟುವ ತನಕ ಸೆಮಿಸ್ಟರ್ ನಡೆಯುತ್ತಿರುತ್ತದೆ. ಟ್ಯೂಟರ್‌ಗಳಿಗೆ ಬೇಡಿಕೆ ತಾರಕಕ್ಕೇರುವುದೂ ಅದೇ ವಾರ. ಈ ಕೆಲಸದಲ್ಲಿ ಮಿತಿ ದಾಟಿ ಜಾರುವುದು ಅಲ್ಲಿ ಸುಲಭ.

ಸಿಸ್ಟಮ್ ತಡೆಯಲಿಲ್ಲವೇ ಎಂದು ಕೇಳಬಹುದು. ತಡೆಯುತ್ತದೆ ಎಂದು ನಂಬಿಕೊಳ್ಳಬೇಡಿ. ಗ್ರೇಡರ್ ಕೆಲಸದ ಪ್ರೊಫೆಸರ್‌ಗೆ ಕಾಣುವುದು ಅವರ ಕೈಕೆಳಗಿನ ಹತ್ತು ಗಂಟೆ, ಸೆಂಟರಿನ ಕೋಆರ್ಡಿನೇಟರ್‌ಗೆ ಅವರ ಲೆಕ್ಕ. ಪೇರೋಲ್ ಸಾಫ್ಟ್‌ವೇರ್ ಎಚ್ಚರಿಸುವಂತೆ ಇಟ್ಟಿದ್ದರೂ ಅದು ಸಾಮಾನ್ಯವಾಗಿ ವಾರಕ್ಕೆ 40 ದಾಟಿದಾಗ, ಓವರ್‌ಟೈಮ್ ಕೊಡಬೇಕಾಗುತ್ತದಲ್ಲ ಅನ್ನುವ ಚಿಂತೆಗೆ. ಅಮೆರಿಕದ ಹುಡುಗರಿಗೆ ಈ ಇಪ್ಪತ್ತರ ವೀಸಾ ಮಿತಿ ಇಲ್ಲ, ಹಾಗಾಗಿ ಪಕ್ಕದ ಮೇಜಿನ ಟ್ಯೂಟರ್ 28 ಗಂಟೆ ಮಾಡುತ್ತಿದ್ದಾನೆ ಅನ್ನುವುದು ನಿಮಗೆ ಯಾವ ರಕ್ಷಣೆಯೂ ಅಲ್ಲ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಕೆಲಸಕ್ಕೆ ಸೇರಿದ ದಿನವೇ ಪೇರೋಲ್ ವಾರ ಯಾವಾಗ ಶುರುವಾಗುತ್ತದೆ ಕೇಳಿ: ಭಾನುವಾರದಿಂದ ಶನಿವಾರವೋ, ಸೋಮವಾರದಿಂದ ಭಾನುವಾರವೋ. ಭಾನುವಾರ ಸಂಜೆಯ ಶಿಫ್ಟ್ ಇರುವವರಿಗೆ ಇದೊಂದರಿಂದಲೇ ಲೆಕ್ಕ ತಲೆಕೆಳಗಾಗುತ್ತದೆ. ಎರಡು ಕೆಲಸ ಇದ್ದರೆ ಒಂದೇ ಶೀಟಿನಲ್ಲಿ ಎರಡನ್ನೂ ಬರೆಯುತ್ತಾ ಹೋಗಿ, ಮಾಮೂಲಿ ವಾರಕ್ಕೆ 18ರ ಮೇಲೆ ಒಪ್ಪಿಕೊಳ್ಳಬೇಡಿ. ಪಾಠ ಹತ್ತು ನಿಮಿಷ ಎಳೆಯುವುದು, ಮೀಟಿಂಗಿಗೆ ಕರೆಯುವುದು, ಸೆಷನ್ ನೋಟ್ಸ್ ಬರೆಯುವುದು ಎಲ್ಲಕ್ಕೂ ಆ ಎರಡು ಗಂಟೆ ಬೇಕಾಗುತ್ತದೆ. ಪರೀಕ್ಷೆಗೆ ಮೂರು ವಾರ ಮುಂಚೆಯೇ "ನನ್ನ ಮಿತಿ ವಾರಕ್ಕೆ ಇಷ್ಟೇ, ಬೇರೆ ಕೆಲಸದ ಇಷ್ಟು ಗಂಟೆ ಅದರಲ್ಲಿ ಸೇರಿದೆ" ಎಂದು ಕೋಆರ್ಡಿನೇಟರ್‌ಗೆ ಇಮೇಲ್ ಹಾಕಿ. ಬಾಯಿ ಮಾತು ಸಾಲದು.

ಗಂಟೆ ದಾಟಿದ್ದು ಗೊತ್ತಾದಾಗ ಒಳ್ಳೆಯ ಮನಸ್ಸಿನ ಸೂಪರ್‌ವೈಸರ್ "ಹೆಚ್ಚಿನದನ್ನು ಮುಂದಿನ ವಾರಕ್ಕೆ ಬರೆದುಬಿಡು" ಅನ್ನುವುದುಂಟು. ಬರೆಯಬೇಡಿ. ಅಪಾಯಿಂಟ್‌ಮೆಂಟ್ ಸಾಫ್ಟ್‌ವೇರಿನಲ್ಲಿ ಸೆಷನ್ ಯಾವ ದಿನ, ಎಷ್ಟು ಹೊತ್ತಿಗೆ ಶುರುವಾಗಿ ಎಷ್ಟಕ್ಕೆ ಮುಗಿಯಿತು ಎಂಬುದು ಉಳಿದಿರುತ್ತದೆ. ಟೈಮ್‌ಶೀಟ್ ಒಂದು ಹೇಳಿ ಲಾಗ್ ಇನ್ನೊಂದು ಹೇಳಿದರೆ, ಒಂದಿದ್ದ ತಪ್ಪು ಎರಡಾಗುತ್ತದೆ. ಎರಡನೆಯದರ ಹೆಸರು ಸುಳ್ಳು ದಾಖಲೆ. ಆ ಗಂಟೆಗಳನ್ನು ಸಂಬಳವಿಲ್ಲದೆ ವಾಲಂಟಿಯರ್ ಎಂದು ಮಾಡಿಕೊಡುತ್ತೇನೆ ಅನ್ನುವುದೂ ನಡೆಯದು. ಉಳಿದವರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ನೀವು ಪುಕ್ಕಟೆ ಮಾಡಿದರೂ ಅದು ಕೆಲಸವೇ.

ತರಬೇತಿಯೂ ಅಷ್ಟೆ. ಬಹಳ ಸೆಂಟರ್‌ಗಳು ಸಿಆರ್‌ಎಲ್‌ಎ (ಕಾಲೇಜ್ ರೀಡಿಂಗ್ ಅಂಡ್ ಲರ್ನಿಂಗ್ ಅಸೋಸಿಯೇಷನ್) ಎಂಬ ಸಂಘದ ಟ್ಯೂಟರ್ ಸರ್ಟಿಫಿಕೇಟ್ ಪದ್ಧತಿ ಇಟ್ಟುಕೊಂಡಿವೆ. ಮೊದಲ ಹಂತಕ್ಕೆ ಕನಿಷ್ಠ 10 ಗಂಟೆ ತರಬೇತಿ, 25 ಗಂಟೆ ಪಾಠ ಹೇಳಿದ ಅನುಭವ ಬೇಕು. ಸಂಬಳ ಕೊಡುವ ಆ ತರಬೇತಿ ಗಂಟೆಗಳು ಅದೇ ವಾರದ ಇಪ್ಪತ್ತರಲ್ಲಿ ಸೇರುತ್ತವೆ. ಎಸ್‌ಐ (ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್, ಅಂದರೆ ಕಷ್ಟದ ಕೋರ್ಸಿಗೆ ಹೆಚ್ಚುವರಿ ಗುಂಪು ಪಾಠ) ಲೀಡರ್ ಕೆಲಸದಲ್ಲಿ ಇನ್ನೂ ಹುಷಾರಾಗಿರಬೇಕು. 1973ರಲ್ಲಿ ಕಾನ್ಸಾಸ್ ಸಿಟಿಯ ಮಿಸೌರಿ ಯೂನಿವರ್ಸಿಟಿಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಲೀಡರ್ ಆದವನು ಆ ಕೋರ್ಸಿನ ತರಗತಿಯಲ್ಲಿ ಮತ್ತೆ ಕೂರಬೇಕು, ಆಮೇಲೆ ಗುಂಪಿಗೆ ಸೆಷನ್ ನಡೆಸಬೇಕು. ಜಾಹೀರಾತಿನಲ್ಲಿ "ವಾರಕ್ಕೆ ಮೂರು ಸೆಷನ್" ಅಂತಿರುತ್ತದೆ. ತರಗತಿ 3, ಸೆಷನ್ 3, ತಯಾರಿ 2, ಮೀಟಿಂಗ್ 1 ಎಂದು ಕೂಡಿಸಿದರೆ ಒಂದೇ ಕೋರ್ಸಿಗೆ 9 ಗಂಟೆ ಆಯಿತು.

ಅರ್ಧಾವಧಿ ಟಿಎ (ಬೋಧನಾ ಸಹಾಯಕ) ಅಥವಾ ಆರ್‌ಎ (ಸಂಶೋಧನಾ ಸಹಾಯಕ) ಕೆಲಸ ಸಿಕ್ಕಿದವರು, ಅಂದರೆ 0.50 ಎಫ್‌ಟಿಇ (ಪೂರ್ಣಾವಧಿ ಕೆಲಸದ ಅರ್ಧ) ಎಂದು ಆಫರ್ ಲೆಟರಿನಲ್ಲಿ ಇದ್ದವರು, ಸೆಮಿಸ್ಟರ್ ನಡುವೆ ಟ್ಯೂಟರಿಂಗ್ ಸೆಂಟರಿನ ಕಡೆ ತಲೆ ಹಾಕಬಾರದು. ಆ 0.50 ಅಂದರೇ 20 ಗಂಟೆ. "ನಾನು ವಾರಕ್ಕೆ ಹನ್ನೆರಡೇ ಗಂಟೆ ಟಿಎ ಕೆಲಸ ಮಾಡೋದು" ಎಂಬ ವಾದ ಕಾಗದದ ಮುಂದೆ ನಿಲ್ಲುವುದಿಲ್ಲ.

ಗಂಟೆಯಷ್ಟೇ ಮುಖ್ಯವಾದದ್ದು ದುಡ್ಡು ಯಾರ ಜೇಬಿನಿಂದ ಬರುತ್ತದೆ ಅನ್ನುವುದು. ಸೆಂಟರಿನಲ್ಲಿ ಚೆನ್ನಾಗಿ ಹೇಳಿಕೊಟ್ಟವನನ್ನು ಹುಡುಕಿಕೊಂಡು ವಿದ್ಯಾರ್ಥಿಗಳು ಬರುತ್ತಾರೆ: ಭಾನುವಾರ ಲೈಬ್ರರಿಗೆ ಬಾ, ಗಂಟೆಗೆ 30 ಡಾಲರ್ ವೆನ್ಮೋ (ಹಣ ಕಳಿಸುವ ಆ್ಯಪ್) ಮಾಡುತ್ತೇನೆ. ಅದೇ ಲೈಬ್ರರಿ, ಅದೇ ಪಾಠ, ಆದರೆ ಕೊಡುವವರು ಯೂನಿವರ್ಸಿಟಿ ಅಲ್ಲ. ಕ್ಯಾಂಪಸ್ಸಿನ ನೆಲದ ಮೇಲೆ ಕೂತ ಮಾತ್ರಕ್ಕೆ ಅದು ಕ್ಯಾಂಪಸ್ ಕೆಲಸ ಆಗುವುದಿಲ್ಲ, ಅನುಮತಿ ಇಲ್ಲದ ದುಡಿಮೆಯಾಗುತ್ತದೆ. ಕ್ಯಾಶ್ ಕೊಟ್ಟರೂ ಅಷ್ಟೇ. ಹೊರಗಿನ ಆನ್‌ಲೈನ್ ಟ್ಯೂಷನ್ ಕಂಪನಿಗಳು "ಸಬ್ಜೆಕ್ಟ್ ಎಕ್ಸ್‌ಪರ್ಟ್" ಎಂದು ಕರೆದು ವರ್ಷದ ಕೊನೆಗೆ, ಗುತ್ತಿಗೆ ದುಡಿಮೆಗೆ ಕೊಟ್ಟ ಹಣ ತೋರಿಸುವ 1099-ಎನ್‌ಇಸಿ ಫಾರ್ಮ್ ಕೈಗಿಡುತ್ತವೆ. ಆ ಫಾರ್ಮ್ ನಿಮ್ಮ ಹೆಸರಿನಲ್ಲಿ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೂ ಹೋಗಿರುತ್ತದೆ. ಬೆಂಗಳೂರಿನ ಕಂಪನಿ, ದುಡ್ಡು ಊರಿನ ಬ್ಯಾಂಕ್ ಖಾತೆಗೆ, ಹಾಗಾಗಿ ತೊಂದರೆಯಿಲ್ಲ ಎಂಬ ಸೀನಿಯರ್‌ಗಳ ಮಾತು ವಾಟ್ಸ್ಯಾಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತದೆ. ಲ್ಯಾಪ್‌ಟಾಪ್ ಮುಂದೆ ನೀವು ಕೂತಿರುವುದು ಟೆಕ್ಸಾಸಿನಲ್ಲೋ ಒಹಾಯೋದಲ್ಲೋ. ಆ ಮಾತು ನಂಬಿ ಹೆಜ್ಜೆ ಇಡಬೇಡಿ.

ಇಲ್ಲೇ ಇನ್ನೊಂದು ಗುಂಡಿಯಿದೆ. "ನನ್ನ ಮಗಳಿಗೆ ಗಣಿತ ಹೇಳಿಕೊಡಬೇಕು, ವಾರಕ್ಕೆ ಎರಡು ದಿನ, ಲೈಬ್ರರಿಗೆ ನಾವೇ ಕರೆತರುತ್ತೇವೆ" ಎಂದು ಇಮೇಲ್ ಬರುತ್ತದೆ. ಬರೆದವರು ಯಾವಾಗಲೂ ಊರಲ್ಲಿರುವುದಿಲ್ಲ, ಫೋನಿನಲ್ಲಿ ಮಾತಾಡುವುದಿಲ್ಲ, ದರದ ಬಗ್ಗೆ ಚೌಕಾಸಿಯನ್ನೂ ಮಾಡುವುದಿಲ್ಲ. ತಿಂಗಳಿಗೆ 600 ಡಾಲರ್ ಮಾತಾದರೆ 2,400ರ ಚೆಕ್ ಬರುತ್ತದೆ: ನಿನ್ನದು ಇಟ್ಟುಕೋ, ಉಳಿದದ್ದನ್ನು ಮಗಳನ್ನು ಕರೆತರುವ ಡ್ರೈವರ್‌ಗೆ ಝೆಲ್ (ಬ್ಯಾಂಕಿನಿಂದ ನೇರ ಹಣ ಕಳಿಸುವ ಸೇವೆ) ಮಾಡು. ಚೆಕ್ ಹಾಕಿದ ಒಂದೆರಡು ದಿನಕ್ಕೆ ದುಡ್ಡು ಖಾತೆಯಲ್ಲಿ ಕಾಣುತ್ತದೆ, ಏಕೆಂದರೆ ಬ್ಯಾಂಕುಗಳು ಬೇಗ ಹಣ ಕೊಡಬೇಕೆಂದು ಅಲ್ಲಿ ಕಾನೂನಿದೆ. ಚೆಕ್ ನಕಲಿ ಎಂದು ತಿಳಿಯಲು ವಾರಗಳೇ ಹಿಡಿಯಬಹುದು. ಆಗ 2,400 ಪೂರ್ತಿ ನಿಮ್ಮ ಖಾತೆಯಿಂದ ಹೋಗುತ್ತದೆ, ಡ್ರೈವರ್‌ಗೆ ಕಳಿಸಿದ 1,800 ವಾಪಸ್ ಬರುವುದಿಲ್ಲ. ವಂಚಕರು ಕಾಯುವುದು ಆ ನಡುವಿನ ದಿನಗಳಿಗೆ. ಎಫ್-1 ಹುಡುಗರು ದೂರು ಕೊಡಲೂ ಹಿಂಜರಿಯುತ್ತಾರೆ. ಯಾವ ಕೆಲಸಕ್ಕೆ ಬಂದ ದುಡ್ಡು ಎಂದು ಕೇಳಿದರೆ ಉತ್ತರವೇ ಸಿಕ್ಕಿಹಾಕಿಸುತ್ತದೆ.

ಮೊದಲ ಸೆಮಿಸ್ಟರಿನವರಿಗೆ ಚಿಕ್ಕದಾಗಿ. ಯೂನಿವರ್ಸಿಟಿ ಕೊಡುವ ಐ-20 ಪತ್ರದಲ್ಲಿರುವ ಪ್ರೋಗ್ರಾಂ ಶುರುವಾಗುವ ದಿನಕ್ಕೆ 30 ದಿನಕ್ಕಿಂತ ಮುಂಚೆ ಕೆಲಸ ಶುರು ಮಾಡುವಂತಿಲ್ಲ. ಕೆಲಸದ ಪತ್ರ, ಡಿಎಸ್‌ಒ (ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಯೂನಿವರ್ಸಿಟಿಯ ಅಧಿಕಾರಿ) ಪತ್ರ, ಪಾಸ್‌ಪೋರ್ಟ್, ಐ-94 (ದೇಶಕ್ಕೆ ಬಂದ ದಾಖಲೆ), ಐ-20 ಹಿಡಿದು ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗಾಗಿ ಅದರ ಆಫೀಸಿಗೆ ಹೋಗಿ. ದೇಶಕ್ಕೆ ಬಂದು ಹತ್ತು ದಿನ ಕಳೆದ ಮೇಲೆ ಹೋದರೆ ದಾಖಲೆ ಸಿಗದೆ ಅಲೆಯುವುದು ತಪ್ಪುತ್ತದೆ. ಕೆಲಸ ಮಾಡಲು ಅನುಮತಿ ಇದೆ ಎಂದು ತೋರಿಸುವ ಐ-9 ಫಾರ್ಮಿನ ಮೊದಲ ಭಾಗವನ್ನು ಕೆಲಸದ ಮೊದಲ ದಿನದೊಳಗೆ ನೀವು ತುಂಬಬೇಕು, ಎರಡನೆಯದನ್ನು ಮೂರು ಕೆಲಸದ ದಿನಗಳೊಳಗೆ ಕೆಲಸ ಕೊಟ್ಟವರು. "ಇವತ್ತು ಬಂದು ನೋಡಿಕೊಂಡು ಹೋಗು, ಪೇಪರ್ ಆಮೇಲೆ" ಎಂದರೆ ನಯವಾಗಿ ಬೇಡ ಅನ್ನಿ. ಜಾಹೀರಾತಿನಲ್ಲಿ ಫೆಡರಲ್ ವರ್ಕ್-ಸ್ಟಡಿ (ಸರ್ಕಾರದ ನೆರವಿನ ವಿದ್ಯಾರ್ಥಿ ಕೆಲಸ) ಎಂದಿದ್ದರೆ ಅರ್ಜಿ ಹಾಕಿ ಪ್ರಯೋಜನವಿಲ್ಲ, ಅದು ವಿದೇಶಿ ವಿದ್ಯಾರ್ಥಿಗಳಿಗೆ ಇಲ್ಲ.

ಸಂಬಳದ ಚೀಟಿಯನ್ನು ಬೇಸಿಗೆಯಲ್ಲಿ ಕಣ್ಣಿಟ್ಟು ನೋಡಿ. ಎಫ್-1 ವಿದ್ಯಾರ್ಥಿಗೆ ಮೊದಲ ಐದು ಕ್ಯಾಲೆಂಡರ್ ವರ್ಷ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ತೆರಿಗೆ ಇಲ್ಲ. (ಡಿಸೆಂಬರ್ ಕೊನೆಗೆ ಬಂದಿಳಿದರೂ ಆ ವರ್ಷ ಒಂದು ಎಂದೇ ಲೆಕ್ಕ.) ಸೆಮಿಸ್ಟರ್ ನಡೆಯುವಾಗ, ಓದುತ್ತಿರುವ ಯೂನಿವರ್ಸಿಟಿಯಲ್ಲೇ ಕೆಲಸ ಎಂಬ ಬೇರೊಂದು ವಿನಾಯಿತಿಯ ಮೇಲೆ ಸಾಫ್ಟ್‌ವೇರ್ ಸುಮ್ಮನಿರುತ್ತದೆ. ಬೇಸಿಗೆಯಲ್ಲಿ ಕೋರ್ಸ್ ತೆಗೆದುಕೊಳ್ಳದಿದ್ದರೆ ಆ ವಿನಾಯಿತಿ ಬಿದ್ದುಹೋಗುತ್ತದೆ. ನಿಮ್ಮನ್ನು ನಾನ್-ರೆಸಿಡೆಂಟ್ (ತೆರಿಗೆ ಲೆಕ್ಕಕ್ಕೆ ಅಲ್ಲಿನ ನಿವಾಸಿಯಲ್ಲದವರು) ಎಂದು ಸರಿಯಾಗಿ ದಾಖಲಿಸಿಲ್ಲದಿದ್ದರೆ ಸಾಫ್ಟ್‌ವೇರ್ ಆ ತೆರಿಗೆಗಳನ್ನು ಮುರಿಯಲು ಶುರು ಮಾಡುತ್ತದೆ. ಗಂಟೆಗೆ 15 ಡಾಲರ್, ವಾರಕ್ಕೆ 40 ಗಂಟೆ, ಹತ್ತು ವಾರ ಅಂದರೆ 6,000. ಅದರಲ್ಲಿ 6.2% ಅಂದರೆ 372, 1.45% ಅಂದರೆ 87. ಒಟ್ಟು 459 ಡಾಲರ್ ಸುಮ್ಮನೆ ಹೋಯಿತು. ಮೊದಲು ಪೇರೋಲ್ ಆಫೀಸಿಗೆ ಬರೆದು ವಾಪಸ್ ಕೇಳಿ. ಅವರು ಕೊಡದಿದ್ದರೆ ಮಾತ್ರ ಐಆರ್‌ಎಸ್‌ಗೆ ಫಾರ್ಮ್ 843, ಜೊತೆಗೆ 8316. ವರ್ಷದ ತೆರಿಗೆಗೆ ನಾನ್-ರೆಸಿಡೆಂಟ್‌ಗಳ 1040-ಎನ್‌ಆರ್ ಮತ್ತು 8843 ಫಾರ್ಮ್ ಹಾಕಬೇಕು. ನಿವಾಸಿಗಳ ಬರೀ 1040 ಹಾಕಿ ರೀಫಂಡ್ ಜಾಸ್ತಿ ಬಂತು ಎಂದು ಕುಣಿದವರು ಆಮೇಲೆ ತಿದ್ದುಪಡಿ ಸಲ್ಲಿಸುತ್ತಾ ಕೂತಿದ್ದಾರೆ. ಭಾರತದವರಿಗೆ ಒಂದು ಅನುಕೂಲ ಇದೆ: ತೆರಿಗೆ ಒಪ್ಪಂದದ 21(2) ಪ್ರಕಾರ ನಾನ್-ರೆಸಿಡೆಂಟ್ ಆಗಿದ್ದೂ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಲೆಕ್ಕದಲ್ಲಿ ಆದಾಯದಿಂದ ಕಳೆಯುವ ನಿಗದಿತ ಮೊತ್ತ) ಸಿಗುತ್ತದೆ. 2024ಕ್ಕೆ ಅದು 14,600 ಡಾಲರ್ ಇತ್ತು.

"ಅಣ್ಣಾ, ನಾಳೆ ಸಬ್ಮಿಷನ್, ಒಂಚೂರು ಕೋಡ್ ನೋಡಿ ಸರಿ ಮಾಡಿಕೊಡು" ಎಂದು ರಾತ್ರಿ ಬರುವ ಮೆಸೇಜಿಗೆ ವೀಸಾ ನಿಯಮದ ತಂಟೆ ಇಲ್ಲ, ದುಡ್ಡಿಲ್ಲವಲ್ಲ. ಆದರೆ ಟ್ಯೂಟರ್ ಆದವನು ಮನೆಯಲ್ಲಿ ಬರೆಯುವ ಪರೀಕ್ಷೆಗೋ ಅಂಕ ಬರುವ ಅಸೈನ್‌ಮೆಂಟಿಗೋ ಉತ್ತರ ಬರೆದುಕೊಟ್ಟರೆ ಪರೀಕ್ಷಾ ಮೋಸದ ಕೇಸು ಇಬ್ಬರ ಮೇಲೂ. ಸೆಂಟರಿನಲ್ಲಿ ಯಾರು ಯಾವ ವಿಷಯದಲ್ಲಿ ಹಿಂದೆ ಬಿದ್ದಿದ್ದಾರೆ ಎಂಬುದನ್ನು ಕನ್ನಡ ಗುಂಪಿನಲ್ಲಿ ತಮಾಷೆಗೆ ಹೇಳುವುದೂ ಬೇಡ. ವಿದ್ಯಾರ್ಥಿಗಳ ದಾಖಲೆಯ ಗೋಪ್ಯತೆ ಕಾಯುವ 1974ರ ಫೆರ್ಪಾ ಕಾಯ್ದೆ ಸೆಂಟರಿನ ಟ್ಯೂಟರ್‌ನನ್ನೂ ಕಟ್ಟಿಹಾಕುತ್ತದೆ.

ಆ ಹುಡುಗನ ಮುಂದೆ ಉಳಿದ ದಾರಿಗಳು ಇವು. ಸ್ಟೇಟಸ್ ಮರಳಿ ಪಡೆಯುವ ರೀಇನ್‌ಸ್ಟೇಟ್‌ಮೆಂಟ್ ಅರ್ಜಿಗೆ ಅನಧಿಕೃತ ಉದ್ಯೋಗ ಮಾಡಿರಬಾರದು ಎಂಬುದೇ ಒಂದು ಷರತ್ತು, ಹಾಗಾಗಿ ಆ ಬಾಗಿಲು ಹೆಚ್ಚುಕಮ್ಮಿ ಮುಚ್ಚಿತು. ಓದು ಮುಗಿಸಿದವರಿಗೆ ಸಿಗುವ 60 ದಿನದ ಗ್ರೇಸ್ ಇಲ್ಲಿ ಇಲ್ಲ. ಉಳಿದದ್ದು ದೇಶ ಬಿಟ್ಟು, ಹೊಸ ಐ-20 ಪಡೆದು, 350 ಡಾಲರ್ ಸೆವಿಸ್ ಶುಲ್ಕ ಮತ್ತೆ ಕಟ್ಟಿ, ಬೇಕಾದರೆ ಚೆನ್ನೈ ಅಥವಾ ಹೈದರಾಬಾದಿನಲ್ಲಿ ಮತ್ತೆ ವೀಸಾಗೆ ನಿಂತು ವಾಪಸ್ ಬರುವುದು. ಬಂದ ಮೇಲೆ ಸಿಪಿಟಿ (ಓದಿನ ಭಾಗವಾದ ಇಂಟರ್ನ್‌ಶಿಪ್ ಕೆಲಸ), ಒಪಿಟಿಗೆ (ಓದಿಗೆ ಸಂಬಂಧಿಸಿದ ಪ್ರಾಯೋಗಿಕ ಕೆಲಸ) ಬೇಕಾದ ಒಂದು ಅಕಾಡೆಮಿಕ್ ವರ್ಷ ಮೊದಲಿನಿಂದ ಎಣಿಕೆ.

ಈಗಾಗಲೇ ಮಿತಿ ದಾಟಿದ್ದೀರಿ ಎಂದು ಅನುಮಾನ ಇರುವವರು ಮೊದಲು ಹೆಚ್ಚುವರಿ ಶಿಫ್ಟ್ ನಿಲ್ಲಿಸಿ, ಡಿಎಸ್‌ಒಗೆ ಉದ್ದದ ವಿವರಣೆಯ ಇಮೇಲ್ ಬರೆಯುವ ಮುಂಚೆ ಇಮಿಗ್ರೇಷನ್ ವಕೀಲರನ್ನು ಕಾಣಿ. ಡಿಎಸ್‌ಒ ನಿಮ್ಮ ವಕೀಲರಲ್ಲ. ಸ್ಟೇಟಸ್ ಕೆಟ್ಟದ್ದು ತಿಳಿದರೆ 21 ದಿನದೊಳಗೆ ಸೆವಿಸ್‌ನಲ್ಲಿ ವರದಿ ಮಾಡುವುದು ಅವರ ಕರ್ತವ್ಯ. ಹೋಗುವಾಗ ಎರಡೂ ಕೆಲಸಗಳ ಟೈಮ್‌ಶೀಟ್, ಸಂಬಳದ ಚೀಟಿಗಳು, ಶಿಫ್ಟ್ ಕೇಳಿದ ಮೆಸೇಜುಗಳು, ಆ ವರ್ಷದ ಅಕಾಡೆಮಿಕ್ ಕ್ಯಾಲೆಂಡರ್ ಇಷ್ಟನ್ನೂ ಪ್ರಿಂಟ್ ತೆಗೆದುಕೊಂಡು ಹೋಗಿ. ಪರೀಕ್ಷೆಯ ಕೊನೆಯ ದಿನ ಬುಧವಾರ ಇದ್ದು, ಗುರುವಾರದ ಶಿಫ್ಟ್ ರಜೆಗೆ ಸೇರುತ್ತದೆ ಎಂದು ಆ ಕ್ಯಾಲೆಂಡರಿನ ಒಂದು ಸಾಲಿನಿಂದಲೇ ವಾದಿಸಲು ಜಾಗ ಸಿಕ್ಕರೂ ಸಿಗಬಹುದು.